ರೈಲು ಹೋಯಿತು, ಬೋರ್ಡು ಉಳಿಯಿತು

ಬಿ.ಎ. ಎರಡನೇ ವರ್ಷದಲ್ಲಿ ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಡಂ ಒಂದು ದಿನ ಹದಿನಾರು ಸಾಲಿನ ಕವಿತೆಯೊಂದನ್ನು ಓದಿಸಿದರು. ಓದಿ ಮುಗಿದ ಮೇಲೆ, "ಇದರಲ್ಲಿ ಏನಾಯ್ತು ಹೇಳಿ" ಎಂದರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ, "ಏನೂ ಆಗ್ಲಿಲ್ಲ ಮೇಡಂ, ರೈಲು ನಿಂತ್ಕೊಂಡ್ತು ಅಷ್ಟೇ" ಎಂದ. ಎಲ್ಲರೂ ನಕ್ಕೆವು. ಮೇಡಂ ಕೂಡ ನಕ್ಕು, "ಸರಿಯಾಗೇ ಹೇಳ್ದೆ" ಎಂದರು.

ಆ ಕವಿತೆಯ ಹೆಸರು 'ಆಡಲ್‌ಸ್ಟ್ರಾಪ್'. ಅದು ಇಂಗ್ಲೆಂಡಿನ ಒಂದು ಹಳ್ಳಿಯ ರೈಲ್ವೆ ಸ್ಟೇಷನ್ನಿನ ಹೆಸರು. ಬರೆದವರು ಎಡ್ವರ್ಡ್ ಥಾಮಸ್. ಬೇಸಿಗೆಯ ಒಂದು ದಿನ ರೈಲು ಆ ಸ್ಟೇಷನ್ನಿನಲ್ಲಿ ಒಂದು ನಿಮಿಷ ನಿಲ್ಲುತ್ತದೆ. ಪ್ಲಾಟ್‌ಫಾರಂ ಖಾಲಿ. ಕಿಟಕಿಯಲ್ಲಿ ಕೂತವರಿಗೆ ಬೋರ್ಡಿನ ಮೇಲಿನ ಹೆಸರು ಕಾಣುತ್ತದೆ, ಹುಲ್ಲಿನ ಬಣವೆ ಕಾಣುತ್ತದೆ, ಹಕ್ಕಿಯ ದನಿ ಕೇಳುತ್ತದೆ. ಅಷ್ಟೇ ಅದರ ಕಥೆ.

ಉಳಿದವರು ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತರು. ನಾನು ಮರೆಯಲಿಲ್ಲ. ಅದಕ್ಕೆ ಕವಿತೆಯ ಮೇಲಿನ ಪ್ರೀತಿ ಕಾರಣ ಎಂದರೆ ಸುಳ್ಳಾಗುತ್ತದೆ. ಆಗ ನಾನು ದಿನಾ ಕಾಲೇಜಿಗೆ ಹೋಗುತ್ತಿದ್ದುದು ನಮ್ಮೂರಿಂದ ಎರಡು ಕಿಲೋಮೀಟರ್ ದೂರದ ಒಂದು ಹಾಲ್ಟ್‌ನಿಂದ. ಒಂದು ಸಿಮೆಂಟ್ ಬೆಂಚು, ಒಂದು ಹುಣಸೆಮರ, ಒಂದು ಹಳದಿ ಬೋರ್ಡು. ಬೆಳಗಿನ ಪ್ಯಾಸೆಂಜರ್ ಅಲ್ಲಿ ಒಂದು ನಿಮಿಷ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಎಷ್ಟೋ ದಿನ ಹತ್ತುವವನು ನಾನೊಬ್ಬನೇ. ಆ ಖಾಲಿ ಪ್ಲಾಟ್‌ಫಾರಂ ನನಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಜೂನ್‌ನಲ್ಲಿ ಆಡಲ್‌ಸ್ಟ್ರಾಪ್ ನೋಡುವ ಅವಕಾಶ ಬಂತು. ನಮ್ಮ ದೊಡ್ಡಮ್ಮನ ಮಗಳು ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಹೆರಿಗೆಯಾದಾಗ ದೊಡ್ಡಮ್ಮನನ್ನು ಕರೆದುಕೊಂಡು ಹೋಗಲು ಜೊತೆಗೊಬ್ಬರು ಬೇಕಿತ್ತು. ಹಾಗೆ ಹೋದವನು ನಾನು. ಒಂದು ದಿನ ಬಿಡುವು ಸಿಕ್ಕಾಗ ಇಂಥ ಊರಿಗೆ ಹೋಗಿಬರ್ತೀನಿ ಎಂದೆ. ಅಕ್ಕ ಮೊಬೈಲಿನಲ್ಲಿ ಹುಡುಕಿ ನೋಡಿ, "ಅಲ್ಲಿ ಸ್ಟೇಷನ್ನೇ ಇಲ್ವಲ್ಲೋ, ಮುಚ್ಚಿ ಐವತ್ತು ವರ್ಷದ ಮೇಲಾಯ್ತಂತೆ. ಏನ್ ನೋಡೋಕೆ ಹೋಗ್ತೀಯೋ?" ಎಂದಳು.

ಇಲ್ಲದ ಸ್ಟೇಷನ್ ನೋಡಲು ಹೋದವನ ಕಥೆ ಇದು.

ಆಕ್ಸ್‌ಫರ್ಡಿನಿಂದ ವುಸ್ಟರ್ ಕಡೆ ಹೋಗುವ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಕಿಂಗಮ್ ಬರುತ್ತದೆ. ಆಡಲ್‌ಸ್ಟ್ರಾಪ್‌ಗೆ ಈಗ ಹತ್ತಿರದ ಸ್ಟೇಷನ್ ಅದೇ. ಅಲ್ಲಿಂದ ಸುಮಾರು ಮೂರು ಮೈಲಿ, ಅಂದರೆ ಐದು ಕಿಲೋಮೀಟರ್ ನಡೆದೆ. ಈ ಸೀಮೆಗೆ ಕಾಟ್ಸ್‌ವಲ್ಡ್ಸ್ ಎನ್ನುತ್ತಾರೆ. ದೊಡ್ಡ ಬೆಟ್ಟಗಳಿಲ್ಲ, ಏರಿಳಿಯುವ ದಿನ್ನೆಗಳು. ಹಿಂದಿನ ಕಾಲಕ್ಕೆ ಕುರಿಯ ಉಣ್ಣೆಯಿಂದ ದುಡ್ಡು ಕಂಡ ಸೀಮೆ. ಮನೆ, ಬೇಲಿಗೋಡೆ, ಚರ್ಚು ಎಲ್ಲವೂ ಒಂದೇ ಬಗೆಯ ಸುಣ್ಣದ ಕಲ್ಲಿನವು. ಬಿಸಿಲು ಬಿದ್ದರೆ ಜೇನಿನ ಬಣ್ಣ.

ದಾರಿಯಲ್ಲಿ ಡೇಲ್ಸ್‌ಫರ್ಡ್ ಎಂಬ ಊರು ಸಿಗುತ್ತದೆ. ಇಲ್ಲಿ ನಾನು ಎರಡು ನಿಮಿಷ ನಿಂತೆ. ಬಂಗಾಳದ ಮೊದಲ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಊರು ಇದು. 1780ರಲ್ಲಿ ಹೈದರಾಲಿಯ ಸೈನ್ಯ ಆರ್ಕಾಟಿನ ಕಡೆ ನುಗ್ಗಿ ಮೈಸೂರಿನ ಎರಡನೇ ಯುದ್ಧ ಶುರುವಾದಾಗ ಕಲ್ಕತ್ತೆಯಲ್ಲಿ ಕೂತು ಕಂಪನಿಯ ಯುದ್ಧ ನಡೆಸಿದವನು ಇವನೇ. ಇವನ ಹಿರಿಯರ ಕೈತಪ್ಪಿ ಹೋಗಿದ್ದ ಡೇಲ್ಸ್‌ಫರ್ಡ್ ಆಸ್ತಿಯನ್ನು ಇಂಡಿಯಾದಿಂದ ಮರಳಿದ ಮೇಲೆ 1788ರಲ್ಲಿ ಮತ್ತೆ ಕೊಂಡು ದೊಡ್ಡ ಮನೆ ಕಟ್ಟಿಸಿದ. 1818ರಲ್ಲಿ ಅಲ್ಲೇ ಸತ್ತ. ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ. ನಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲಿ ಬಂದು ಹೋಗುವ ಹೆಸರು ಹೀಗೆ ದಾರಿ ಬದಿಯಲ್ಲಿ ಸಿಕ್ಕಿದ್ದು ವಿಚಿತ್ರ ಅನ್ನಿಸಿತು. ಅವನ ಕಾಲಕ್ಕೆ ಇಲ್ಲಿಗೆ ರೈಲು ಬಂದಿರಲಿಲ್ಲ. ಲಂಡನ್ನಿಗೆ ಹೋಗಬೇಕಾದರೆ ಕುದುರೆಗಾಡಿಯೇ ಗತಿ.

ರೈಲು ಬಂದದ್ದು 1853ರ ಜೂನ್ 4ಕ್ಕೆ. ನಮ್ಮ ದೇಶದಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ಪ್ಯಾಸೆಂಜರ್ ರೈಲು ಓಡಿದ್ದೂ ಅದೇ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ಈ ಹಳ್ಳಿಯವರು ತಮ್ಮೂರಲ್ಲಿ ರೈಲು ಕಂಡಿದ್ದಕ್ಕೂ ಬೊಂಬಾಯಿಯವರು ಕಂಡಿದ್ದಕ್ಕೂ ಎರಡು ತಿಂಗಳೂ ಅಂತರವಿಲ್ಲ.

ಈ ದಾರಿ ಹಾಕಿದ ಕಂಪನಿಯ ಹೆಸರು ಆಕ್ಸ್‌ಫರ್ಡ್, ವುಸ್ಟರ್ ಆ್ಯಂಡ್ ವುಲ್ವರ್‌ಹ್ಯಾಂಪ್ಟನ್ ರೈಲ್ವೆ. ಹೆಸರು ಉದ್ದ, ಜೇಬು ಸಣ್ಣದು. ದುಡ್ಡಿನ ತಾಪತ್ರಯ, ತಡವಾದ ಕೆಲಸ, ಕೆಟ್ಟ ಸೇವೆ. ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನೇ ಹಿಡಿದು ಜನ ಅದಕ್ಕೆ 'ಓಲ್ಡ್ ವರ್ಸ್ ಆ್ಯಂಡ್ ವರ್ಸ್' ಎಂದು ಅಡ್ಡಹೆಸರು ಇಟ್ಟಿದ್ದರು. ದಿನದಿಂದ ದಿನಕ್ಕೆ ಕೆಡುತ್ತಿರುವ ಮುದಿ ಕಂಪನಿ ಎಂಬ ಅರ್ಥದಲ್ಲಿ.

ಈ ದಾರಿಯಲ್ಲಿ ಒಂದು ಹೊಡೆದಾಟವೂ ನಡೆದಿದೆ. ಆಡಲ್‌ಸ್ಟ್ರಾಪ್‌ನಿಂದ ಉತ್ತರಕ್ಕೆ ಮಿಕಲ್‌ಟನ್ ಎಂಬಲ್ಲಿ ಸುರಂಗ ಕೊರೆಯುತ್ತಿದ್ದರು. ಬಿಲ್ಲಿನ ವಿಚಾರದಲ್ಲಿ ಕಂಪನಿಗೂ ಕಂಟ್ರಾಕ್ಟರಿಗೂ ಜಗಳ ಹತ್ತಿ ಕೆಲಸ ನಿಂತಿತ್ತು. ಕಂಪನಿಯ ಎಂಜಿನಿಯರ್ ಆಗಿದ್ದವನು ಆ ಕಾಲದ ಬಹಳ ದೊಡ್ಡ ಹೆಸರು, ಇಸಂಬಾರ್ಡ್ ಕಿಂಗ್ಡಮ್ ಬ್ರೂನೆಲ್. 1851ರ ಜುಲೈನಲ್ಲಿ ಅವನು ಬೇರೆ ಕಡೆಗಳಿಂದ ಸಾವಿರಾರು ಕೂಲಿಗಳನ್ನು ಕರೆತಂದು, ಗುದ್ದಲಿ ಸಲಿಕೆ ಹಿಡಿಸಿ, ಕಂಟ್ರಾಕ್ಟರಿನ ಆಳುಗಳನ್ನು ಅಲ್ಲಿಂದ ಒಕ್ಕಲೆಬ್ಬಿಸಿದ. ಮ್ಯಾಜಿಸ್ಟ್ರೇಟರು ಬಂದು ಗಲಭೆ ಕಾಯ್ದೆ ಓದಿ ಹೇಳಬೇಕಾಯಿತು. ಬಿಲ್ಲು ಪಾಸಾಗದ ಜಗಳ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.

ಸ್ಟೇಷನ್ನಿಗೆ ಮೊದಲು ಇಟ್ಟ ಹೆಸರು 'ಆಡಲ್‌ಸ್ಟ್ರಾಪ್ ಆ್ಯಂಡ್ ಸ್ಟೋ ರೋಡ್'. ಸ್ಟೋ ಅಂದರೆ ಸ್ಟೋ-ಆನ್-ದ-ವೋಲ್ಡ್, ದಿನ್ನೆಯ ಮೇಲಿರುವ ಸಂತೆ ಪಟ್ಟಣ. ಅಲ್ಲಿಗೆ ಹೋಗುವವರು ಇಲ್ಲಿ ಇಳಿದು ರಸ್ತೆ ಹಿಡಿಯಬೇಕಿತ್ತು. ನಮ್ಮಲ್ಲೂ ಊರಿಂದ ದೂರ ಇರುವ ಸ್ಟೇಷನ್ನಿಗೆ ಹೆಸರಿನ ಜೊತೆ 'ರೋಡ್' ಸೇರಿಸುವುದುಂಟಲ್ಲ, ಅದೇ ರೂಢಿ. 1862ರ ಮಾರ್ಚ್ 1ಕ್ಕೆ ಕಿಂಗಮ್ ಕಡೆಯಿಂದ ಒಂದು ಕವಲು ದಾರಿ ಶುರುವಾಗಿ ಸ್ಟೋ ಪಟ್ಟಣಕ್ಕೆ ಅದರದೇ ಸ್ಟೇಷನ್ ಬಂತು. ಅಂದಿನಿಂದಲೇ ಇಲ್ಲಿನ ಬೋರ್ಡಿನಿಂದ 'ಸ್ಟೋ ರೋಡ್' ಬಿಟ್ಟುಹೋಯಿತು. ಆಗ ಹೆಸರನ್ನು ಇಂಗ್ಲಿಷಿನಲ್ಲಿ ಎರಡು 'ಡಿ' ಹಾಕಿ ಬರೆಯುತ್ತಿದ್ದರು. 1883ರಲ್ಲಿ ಒಂದು 'ಡಿ' ತೆಗೆದರು. ಅಷ್ಟರಲ್ಲಿ ಕಂಪನಿಯೂ ಬದಲಾಗಿತ್ತು. 1863ರಲ್ಲಿ ಈ ದಾರಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪಾಲಾಗಿತ್ತು.

ರೈಲು ಇಂಥ ಹಳ್ಳಿಗಳ ಗಡಿಯಾರವನ್ನೇ ತಿದ್ದಿತು. ಅದಕ್ಕೆ ಮೊದಲು ಪ್ರತಿ ಊರಿಗೂ ಅದರದೇ ಸಮಯ. ನೆತ್ತಿಯ ಮೇಲೆ ಸೂರ್ಯ ಬಂದರೆ ಆ ಊರಿಗೆ ಹನ್ನೆರಡು. ಆಡಲ್‌ಸ್ಟ್ರಾಪ್ ಲಂಡನ್ನಿಗಿಂತ ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಆರೇಳು ನಿಮಿಷ ತಡ. ಊರಿಗೊಂದು ಸಮಯ ಇಟ್ಟುಕೊಂಡು ರೈಲಿನ ಟೈಂಟೇಬಲ್ ಬರೆಯುವುದು ಹೇಗೆ? ಗ್ರೇಟ್ ವೆಸ್ಟರ್ನ್ ಕಂಪನಿ 1840ರಲ್ಲೇ ತನ್ನ ಸ್ಟೇಷನ್‌ಗಳಿಗೆ ಲಂಡನ್ ಸಮಯ ತಂದಿತು. 1880ರಲ್ಲಿ ಅದೇ ದೇಶದ ಕಾನೂನಾಯಿತು.

ಸ್ಟೇಷನ್ ಅಂದರೆ ಪ್ರಯಾಣಿಕರಷ್ಟೇ ಅಲ್ಲ. ಇಂಗ್ಲೆಂಡಿನ ಹಳ್ಳಿ ಸ್ಟೇಷನ್‌ಗಳ ಬಗ್ಗೆ ಓದಿದಷ್ಟೂ ನನಗೆ ಬೆಳಗಿನ ಹೊತ್ತಿನ ನಮ್ಮ ಹಾಲಿನ ಡೇರಿ ಕಣ್ಣಮುಂದೆ ಬರುತ್ತಿತ್ತು. ರೈತರು ಕುದುರೆಗಾಡಿಯಲ್ಲಿ ಹಾಲಿನ ಕ್ಯಾನು ತಂದು ಪ್ಲಾಟ್‌ಫಾರಂ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದೊಂದು ಕ್ಯಾನಿನಲ್ಲಿ ಹದಿನೇಳು ಗ್ಯಾಲನ್, ನಮ್ಮ ಲೆಕ್ಕದಲ್ಲಿ ಎಪ್ಪತ್ತೇಳು ಲೀಟರ್. ತುಂಬಿದ ಕ್ಯಾನನ್ನು ವಾರೆ ಮಾಡಿ, ಬುಡದ ಅಂಚಿನ ಮೇಲೆ ಉರುಳಿಸಿಕೊಂಡು ಹೋಗುವುದು ಪೋರ್ಟರುಗಳ ಕೈಚಳಕ. ಹಾಲು ರೈಲು ಹತ್ತಿ ಲಂಡನ್ ಸೇರುತ್ತಿತ್ತು. ಲಂಡನ್ನಿಂದ ದಿನಪತ್ರಿಕೆ, ಪಾರ್ಸಲ್ಲು ಬರುತ್ತಿದ್ದವು. ಕಲ್ಲಿದ್ದಲು ವ್ಯಾಗನ್ ಬಂದರೆ ವ್ಯಾಪಾರಿ ಸ್ಟೇಷನ್ ಅಂಗಳದಲ್ಲೇ ತೂಕ ಹಾಕಿ ಮಾರುತ್ತಿದ್ದ. ಕರು, ಕುರಿ, ಒಂದು ದಿನದ ಕೋಳಿಮರಿಯ ಪೆಟ್ಟಿಗೆ ಎಲ್ಲಕ್ಕೂ ರೈಲೇ. ಚಳಿಗಾಲದಲ್ಲಿ ಮನೆಯ ಒಲೆ ಉರಿಯುವುದಕ್ಕೂ ಸ್ಟೇಷನ್ನಿಗೂ ನಂಟಿತ್ತು.

ಇನ್ನು ಆ ಒಂದು ನಿಮಿಷದ ವಿಚಾರ.

1914ರ ಜೂನ್ 24. ಎಡ್ವರ್ಡ್ ಥಾಮಸ್ ಆಗ ಕವಿ ಆಗಿರಲಿಲ್ಲ. ಪುಸ್ತಕ ವಿಮರ್ಶೆ ಬರೆದು, ಕೇಳಿದವರಿಗೆ ಪುಸ್ತಕ ಬರೆದುಕೊಟ್ಟು ಹೆಂಡತಿ, ಮೂವರು ಮಕ್ಕಳ ಸಂಸಾರ ಸಾಗಿಸುತ್ತಿದ್ದ ಬರಹಗಾರ. ವಯಸ್ಸು ಮೂವತ್ತಾರು. ಪದಕ್ಕಿಷ್ಟು ಎಂದು ಕೂಲಿ ಪಡೆದು ಬರೆಯುವ ನಮ್ಮಂಥವರಿಗೆ ಅವರ ಕಷ್ಟ ಅರ್ಥವಾಗುತ್ತದೆ. ಆ ದಿನ ಹೆಂಡತಿ ಹೆಲೆನ್ ಜೊತೆ ಲಂಡನ್ನಿಂದ ರೈಲು ಹತ್ತಿ, ಗೆಳೆಯ ರಾಬರ್ಟ್ ಫ್ರಾಸ್ಟ್ ಎಂಬ ಅಮೆರಿಕದ ಕವಿಯನ್ನು ನೋಡಲು ಹೊರಟಿದ್ದರು. ಮಧ್ಯಾಹ್ನದ ಹೊತ್ತಿಗೆ ರೈಲು ಆಡಲ್‌ಸ್ಟ್ರಾಪ್‌ನಲ್ಲಿ ನಿಂತಿತು. ಥಾಮಸ್‌ಗೆ ಸದಾ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳುವ ಅಭ್ಯಾಸ. ಕಂಡದ್ದು, ಕೇಳಿದ್ದು, ಹಕ್ಕಿಯ ದನಿ, ಹಬೆ ಬಿಟ್ಟ ಸದ್ದು ಎಲ್ಲವನ್ನೂ ಅದರಲ್ಲಿ ಗುರುತು ಹಾಕಿಕೊಂಡರು. ರೈಲು ಹೊರಟಿತು.

ಅದಾದ ನಾಲ್ಕನೇ ದಿನ ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕೆ ಇಳಿಯಿತು. ಹಳ್ಳಿಗಳಲ್ಲಿ ಹುಲ್ಲು ಕೊಯ್ಯುತ್ತಿದ್ದ ಹುಡುಗರು ಸೈನ್ಯಕ್ಕೆ ಹೋದರು. ಹೊಲದ ಕುದುರೆಗಳನ್ನೂ ಸೈನ್ಯಕ್ಕೆ ಹಿಡಿದುಕೊಂಡು ಹೋದರು. ಹಳ್ಳಿ ಸ್ಟೇಷನ್‌ಗಳಲ್ಲಿ ರೈಲು ಹತ್ತಿದ ಎಷ್ಟೋ ಹುಡುಗರು ಮತ್ತೆ ಇಳಿಯಲಿಲ್ಲ.

ಫ್ರಾಸ್ಟ್ ಒತ್ತಾಯದಿಂದ ಥಾಮಸ್ ಆ ವರ್ಷದ ಕೊನೆಗೆ ಕವಿತೆ ಬರೆಯಲು ಶುರು ಮಾಡಿದರು. 1915ರ ಜನವರಿಯಲ್ಲಿ ಟಿಪ್ಪಣಿ ಪುಸ್ತಕದ ಆ ಒಂದು ನಿಮಿಷ ಹದಿನಾರು ಸಾಲಾಯಿತು. ಅದೇ ವರ್ಷ ಜುಲೈನಲ್ಲಿ ಅವರೂ ಸೈನ್ಯ ಸೇರಿದರು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್ ಎಂಬಲ್ಲಿ, ಕದನದ ಮೊದಲ ದಿನವೇ ಸತ್ತರು. 'ಆಡಲ್‌ಸ್ಟ್ರಾಪ್' ಪತ್ರಿಕೆಯಲ್ಲಿ ಅಚ್ಚಾದದ್ದು ಅದಾಗಿ ಮೂರು ವಾರದೊಳಗೆ. ಅಚ್ಚಾದ ಕವಿತೆಯನ್ನು ಅವರು ನೋಡಲಿಲ್ಲ.

ಅಲ್ಲಿಂದ ಮುಂದೆ ಇಂಗ್ಲೆಂಡಿನ ಮಂದಿಗೆ ಆ ಹೆಸರು ಯುದ್ಧಕ್ಕೆ ಮೊದಲಿದ್ದ ಕೊನೆಯ ಬೇಸಿಗೆಯ ಹೆಸರಾಯಿತು. ಆಡಲ್‌ಸ್ಟ್ರಾಪ್ ಎಲ್ಲಿದೆ ಎಂದು ಗೊತ್ತಿಲ್ಲದವರಿಗೂ ಆ ಹೆಸರು ಗೊತ್ತು.

ಇಷ್ಟಾದರೂ ಸ್ಟೇಷನ್ ಉಳಿಯಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರ ಜನವರಿ 1ಕ್ಕೆ ಇಂಗ್ಲೆಂಡಿನ ರೈಲ್ವೆ ಕಂಪನಿಗಳು ಸರ್ಕಾರದ ಕೈಗೆ ಬಂದವು. ರಸ್ತೆಯಲ್ಲಿ ಲಾರಿ, ಬಸ್ಸು, ಕಾರು ಹೆಚ್ಚಿದವು. ಹಾಲು ಲಾರಿ ಹತ್ತಿತು. ರೈಲ್ವೆಗೆ ನಷ್ಟ ಬೆಳೆಯುತ್ತ ಹೋಯಿತು. 1961ರಲ್ಲಿ ರಿಚರ್ಡ್ ಬೀಚಿಂಗ್ ಎಂಬವರನ್ನು ರೈಲ್ವೆಯ ಮುಖ್ಯಸ್ಥರನ್ನಾಗಿ ತಂದರು. ಅವರು ಭೌತಶಾಸ್ತ್ರ ಓದಿದವರು, ದೊಡ್ಡ ರಾಸಾಯನಿಕ ಕಂಪನಿಯೊಂದರಲ್ಲಿದ್ದವರು. ಸಂಬಳ ವರ್ಷಕ್ಕೆ 24,000 ಪೌಂಡ್, ಆಗಿನ ಪ್ರಧಾನಮಂತ್ರಿಯ ಸಂಬಳಕ್ಕಿಂತ ಎಷ್ಟೋ ಹೆಚ್ಚು.

1963ರ ಮಾರ್ಚ್ 27ಕ್ಕೆ ಅವರ ವರದಿ ಹೊರಬಂತು. 2,363 ಸ್ಟೇಷನ್‌ಗಳನ್ನು ಮುಚ್ಚಬೇಕು, ಸುಮಾರು 5,000 ಮೈಲಿ ದಾರಿ ನಿಲ್ಲಿಸಬೇಕು. ಅವರ ವಾದಕ್ಕೆ ಲೆಕ್ಕದ ಬಲ ಇತ್ತು. ದೇಶದ ರೈಲು ದಾರಿಯ ಮೂರನೇ ಒಂದು ಭಾಗದಲ್ಲಿ ಒಟ್ಟು ಪ್ರಯಾಣದ ನೂರಕ್ಕೆ ಒಂದು ಪಾಲು ಮಾತ್ರ ನಡೆಯುತ್ತಿತ್ತು. ಖಾಲಿ ರೈಲು ಓಡಿಸಲು ಯಾರ ದುಡ್ಡು ಖರ್ಚು ಮಾಡಬೇಕು ಎಂಬುದು ನಿಜವಾದ ಪ್ರಶ್ನೆಯೇ. ಬೀಚಿಂಗ್ ಅವರನ್ನು ಖಳನಾಯಕ ಮಾಡಿ ಬೈಯುವುದು ಸುಲಭ, ನಾನೂ ಮೊದಲು ಹಾಗೇ ಬೈಯ್ದಿದ್ದೆ.

ಆದರೆ ಎಣಿಸಿದ್ದು ಹೇಗೆ ಎಂದು ನೋಡಿದಾಗ ಯೋಚನೆ ಹತ್ತಿತು. ಪ್ರಯಾಣಿಕರ ಲೆಕ್ಕ ಹಿಡಿದದ್ದು 1961ರ ಏಪ್ರಿಲ್‌ನ ಒಂದೇ ಒಂದು ವಾರ. ಬೇಸಿಗೆ ರಜೆಯಲ್ಲಿ ಮಾತ್ರ ತುಂಬುವ ಸಮುದ್ರ ತೀರದ ಸ್ಟೇಷನ್‌ಗಳ ಜನ ಆ ವಾರದ ಲೆಕ್ಕಕ್ಕೆ ಸಿಗಲಿಲ್ಲ. ಇನ್ನೊಂದು, ಟಿಕೆಟ್ ದುಡ್ಡನ್ನು ಟಿಕೆಟ್ ಕೊಂಡ ಸ್ಟೇಷನ್ನಿನ ಖಾತೆಗೆ ಹಾಕುತ್ತಿದ್ದರು. ಪಟ್ಟಣದಲ್ಲಿ ಹೋಗಿಬರುವ ಟಿಕೆಟ್ ತೆಗೆದುಕೊಂಡು ಹಳ್ಳಿಗೆ ಬಂದವನ ದುಡ್ಡೆಲ್ಲ ಪಟ್ಟಣದ ಲೆಕ್ಕಕ್ಕೆ. ಅವನು ಇಳಿದ ಹಳ್ಳಿಯ ಲೆಕ್ಕಕ್ಕೆ ಸೊನ್ನೆ. ಈ ಎರಡು ತಕರಾರುಗಳನ್ನೂ ಆಗಲೇ ಜನ ಎತ್ತಿದ್ದರು.

ಇದನ್ನು ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

1966ರ ಜನವರಿ 3, ಸೋಮವಾರದಿಂದ ಆಡಲ್‌ಸ್ಟ್ರಾಪ್ ಪ್ರಯಾಣಿಕರಿಗೆ ಮುಚ್ಚಿತು. ನೂರಾ ಹನ್ನೆರಡು ವರ್ಷ ನಡೆದ ಸ್ಟೇಷನ್. ಥಾಮಸ್ ಕಿಟಕಿಯಿಂದ ನೋಡಿದ ದಿನ ಪ್ಲಾಟ್‌ಫಾರಂ ಮೇಲೆ ಯಾರೂ ಇರಲಿಲ್ಲ. ಕವಿಗೆ ಆ ಖಾಲಿತನವೇ ಸಿರಿಯಾಗಿ ಕಂಡಿತು. ಎಣಿಸುವವರ ಕಾಗದದಲ್ಲಿ ಅದೇ ಖಾಲಿತನ ಮುಚ್ಚುವುದಕ್ಕೆ ಕಾರಣವಾಯಿತು. ನೋಡಿದ್ದು ಇಬ್ಬರೂ ಅದನ್ನೇ.

ದಾರಿ ಮಾತ್ರ ಉಳಿಯಿತು. ಲಂಡನ್ನಿಂದ ವುಸ್ಟರ್‌ಗೆ ಹೋಗುವ ರೈಲುಗಳು ಈಗಲೂ ಅಲ್ಲೇ ಓಡುತ್ತವೆ. ಉಳಿಸಿಕೊಂಡ ದಾರಿಯಲ್ಲೂ ಖರ್ಚು ತಗ್ಗಿಸಬೇಕೆಂದು 1971ರಲ್ಲಿ ಹಲವು ಕಡೆ ಜೋಡಿ ಹಳಿಯಲ್ಲಿ ಒಂದನ್ನು ಕಿತ್ತರು. ರೈಲುಗಳು ಒಂದಕ್ಕೊಂದು ಕಾದು ನಿಲ್ಲತೊಡಗಿದವು, ತಡ ಎಂಬುದು ದಿನದ ಮಾತಾಯಿತು. 1978ರಲ್ಲಿ ಈ ದಾರಿಯ ಪ್ರಯಾಣಿಕರೇ ಸೇರಿ ಕಾಟ್ಸ್‌ವಲ್ಡ್ ಲೈನ್ ಪ್ರಮೋಷನ್ ಗ್ರೂಪ್ ಎಂಬ ಸಂಘ ಕಟ್ಟಿಕೊಂಡರು. ಕೊನೆಗೆ 2011ರಲ್ಲಿ ಸುಮಾರು ಇಪ್ಪತ್ತು ಮೈಲಿ ಉದ್ದಕ್ಕೆ ಎರಡನೇ ಹಳಿಯನ್ನು ಮತ್ತೆ ಹಾಕಿದರು. ಖರ್ಚು ಸುಮಾರು 6.7 ಕೋಟಿ ಪೌಂಡ್. ನಲವತ್ತು ವರ್ಷದ ಹಿಂದೆ ಬೇಡವೆಂದು ಕಿತ್ತದ್ದನ್ನೇ ದುಡ್ಡು ಕೊಟ್ಟು ಮತ್ತೆ ಹಾಕಿಸಿಕೊಂಡ ಹಾಗಾಯಿತು.

ಇದೇ ದಾರಿಯಲ್ಲಿ ಕೂಂಬ್, ಫಿನ್‌ಸ್ಟಾಕ್ ಎಂಬ ಚಿಕ್ಕ ಚಿಕ್ಕ ಹಾಲ್ಟ್‌ಗಳು ಮುಚ್ಚದೆ ಉಳಿದಿವೆ. ದಿನಕ್ಕೆ ಬೆರಳೆಣಿಕೆಯ ರೈಲು ನಿಲ್ಲುತ್ತವೆ, ಆದರೂ ನಿಲ್ಲುತ್ತವೆ. ದೇಶಕ್ಕೆಲ್ಲ ಹೆಸರಾದ ಸ್ಟೇಷನ್ ಮುಚ್ಚಿತು, ಹೆಸರು ಕೇಳದ ಹಾಲ್ಟ್ ಉಳಿಯಿತು.

ನಾನು ಊರು ಮುಟ್ಟಿದಾಗ ಹನ್ನೊಂದೂವರೆ. ಸ್ಟೇಷನ್ ಇದ್ದ ಜಾಗ ಊರೊಳಗಿಲ್ಲ, ಸ್ವಲ್ಪ ಆಚೆ, ದೊಡ್ಡ ರಸ್ತೆ ರೈಲು ದಾರಿಯನ್ನು ದಾಟುವ ಸೇತುವೆಯ ಹತ್ತಿರ. ಅಲ್ಲಿ ನಿಂತು ಕೆಳಗೆ ನೋಡಿದೆ. ಎರಡು ಹಳಿ, ಎರಡೂ ಬದಿಯಲ್ಲಿ ಗಿಡಗಂಟಿ. ಪ್ಲಾಟ್‌ಫಾರಂ ಇಲ್ಲ, ಟಿಕೆಟ್ ಕಿಟಕಿ ಇಲ್ಲ. ಇಲ್ಲಿ ಹಾಲಿನ ಕ್ಯಾನು ಉರುಳುತ್ತಿತ್ತು ಎಂದು ಹೇಳಿದರೆ ನಂಬುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ರೈಲು ಬಂತು. ವೇಗ ತಗ್ಗಿಸದೆ ಹೋಯಿತು. ಮರ ಅಲ್ಲಾಡಿ ಸುಮ್ಮನಾಯಿತು. ಆಮೇಲೆ ಹಕ್ಕಿಗಳ ಸದ್ದು ನಿಜವಾಗಿಯೂ ಕೇಳಿತು. ಕವಿತೆ ಓದಿರದಿದ್ದರೆ ನನ್ನ ಕಿವಿ ಅತ್ತ ಹೋಗುತ್ತಿರಲಿಲ್ಲವೇನೋ.

ಊರೊಳಗೆ ಬಸ್ ತಂಗುದಾಣ ಇದೆ. ಸ್ಟೇಷನ್ ಮುಚ್ಚಿದ ಮೇಲೆ ಅದರ ಬೋರ್ಡನ್ನು ತಂದು ಅಲ್ಲಿ ಹಾಕಿದ್ದಾರೆ. ದೊಡ್ಡ ಅಕ್ಷರದ ಹಳೆಯ ಹೆಸರುಫಲಕ, ಗೋಡೆಯಗಲಕ್ಕೂ. ಕೆಳಗೆ ಸ್ಟೇಷನ್ನಿನದೇ ಬೆಂಚು, ಬೆಂಚಿಗೆ ಹೊಡೆದ ಫಲಕದ ಮೇಲೆ ಆ ಹದಿನಾರು ಸಾಲು. ಕೂತು ಓದಿದೆ. ಮೇಡಂಗೆ ಫೋಟೊ ಕಳಿಸಿದೆ.

ನಾಯಿ ಹಿಡಿದುಕೊಂಡು ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ನೋಡಿ ನಿಂತರು. "ಕವಿತೆಗಾಗಿ ಬಂದಿರಾ?" ಎಂದು ಕೇಳಿದರು. ಹೌದೆಂದೆ. ಬೇಸಿಗೆಯಲ್ಲಿ ಹೀಗೆ ಜನ ಬರುತ್ತಲೇ ಇರುತ್ತಾರಂತೆ. 2014ರಲ್ಲಿ ಆ ನಿಮಿಷಕ್ಕೆ ನೂರು ವರ್ಷ ತುಂಬಿದಾಗ ವಿಶೇಷ ರೈಲೊಂದನ್ನು ಓಡಿಸಿ ಕವಿತೆ ಓದಿದ್ದರೆಂದು ಮೊದಲೇ ಓದಿದ್ದೆ, ಅದನ್ನು ಹೇಳಿದೆ. ಅವರು ತಲೆಯಾಡಿಸಿದರು. "ನೀವು ರೈಲಿಗೆ ಎಲ್ಲಿ ಹೋಗ್ತೀರಿ?" ಎಂದು ಕೇಳಿದೆ. "ಕಿಂಗಮ್‌ಗೆ. ಕಾರಲ್ಲಿ." ಸ್ವಲ್ಪ ತಡೆದು, "ಕಾರು ಓಡಿಸೋಕೆ ಆಗೋವರೆಗೆ" ಎಂದರು. ನಕ್ಕು ನಾಯಿಯ ಹಿಂದೆ ಹೋದರು.

ಆ ಮಾತು ನನ್ನ ಜೊತೆ ಬಂತು. ಒಂದು ಕವಿತೆ ಬೋರ್ಡನ್ನು ಉಳಿಸಬಲ್ಲದು. ಬೆಂಚನ್ನು ಉಳಿಸಬಲ್ಲದು. ದೂರದೂರಿಂದ ನನ್ನಂಥವನನ್ನು ಅಲ್ಲಿಯ ತನಕ ಕರೆಸಿಕೊಳ್ಳಬಲ್ಲದು. ಆದರೆ ಕಣ್ಣು ಮಂಜಾದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ರೈಲನ್ನು ಅದು ನಿಲ್ಲಿಸಲಾರದು. ಅದಕ್ಕೆ ಬೇರೆ ಬರಹ ಬೇಕು. ಯಾರು ಹತ್ತುತ್ತಾರೆ, ಯಾವ ವಾರ, ಯಾವ ಕೆಲಸಕ್ಕೆ, ಟಿಕೆಟ್ ಎಲ್ಲಿ ಕೊಳ್ಳುತ್ತಾರೆ ಎಂದು ಬರೆದಿಟ್ಟ ಬರಹ.

ಈಗ ನಿದ್ದೆ ಬಾರದ ರಾತ್ರಿಯ ವಿಚಾರ. ಕೊರೊನಾ ಲಾಕ್‌ಡೌನಿನಲ್ಲಿ ನಿಂತ ನಮ್ಮ ಪ್ಯಾಸೆಂಜರ್ ಆಮೇಲೆ ಮತ್ತೆ ಓಡತೊಡಗಿತು. ನಮ್ಮ ಹಾಲ್ಟ್‌ನಲ್ಲಿ ಮಾತ್ರ ನಿಲ್ಲಲಿಲ್ಲ. ಊರಿನ ನಾಲ್ಕೈದು ಮಂದಿ ಅರ್ಜಿ ಹಿಡಿದು ಹೋದರು, ಅವರಲ್ಲಿ ನಾನೂ ಇದ್ದೆ. ಅಲ್ಲಿದ್ದವರು ಒರಟಾಗೇನೂ ಮಾತಾಡಲಿಲ್ಲ. "ನಿಮ್ಮ ಹಾಲ್ಟ್‌ನಲ್ಲಿ ದಿನಕ್ಕೆ ಎಷ್ಟು ಟಿಕೆಟ್ ಹೋಗ್ತಿತ್ತು ಹೇಳಿ" ಎಂದರು. ಅವರ ಹತ್ತಿರ ಒಂದು ಅಂಕಿ ಇತ್ತು, ಬಹಳ ಚಿಕ್ಕದು. ನಮ್ಮ ಹತ್ತಿರ ಏನೂ ಇರಲಿಲ್ಲ.

ನನ್ನದು ಕಾಲೇಜಿನ ಊರಲ್ಲಿ ಮಾಡಿಸಿದ್ದ ಪಾಸು. ಸಂತೆಗೆ ಸೊಪ್ಪು ಒಯ್ಯುತ್ತಿದ್ದ ಹೆಂಗಸರದೂ ಅಲ್ಲೇ ಮಾಡಿಸಿದ ಪಾಸು. ಹಬ್ಬಕ್ಕೆ ಊರಿಗೆ ಬರುತ್ತಿದ್ದವರ ಟಿಕೆಟ್ ಬೆಂಗಳೂರಲ್ಲೇ ತೆಗೆದದ್ದು. ನಾವ್ಯಾರೂ ಆ ಅಂಕಿಯೊಳಗೆ ಇರಲಿಲ್ಲ. ಇದನ್ನು ಅಲ್ಲೇ ಹೇಳಬೇಕಿತ್ತು. ನನಗೆ ಹೊಳೆಯಲಿಲ್ಲ. ಪತ್ರಿಕೋದ್ಯಮ ಓದಿದವನು, ಮೂರು ವರ್ಷ ಆ ಬೆಂಚಿನ ಮೇಲೆ ಕೂತವನು, ಒಂದು ದಿನವೂ ಎಷ್ಟು ಜನ ಹತ್ತಿದರು ಎಂದು ಬರೆದಿಟ್ಟಿರಲಿಲ್ಲ. ಥಾಮಸ್ ಒಂದು ನಿಮಿಷ ನಿಂತ ಊರಿಗೆ ಟಿಪ್ಪಣಿ ಪುಸ್ತಕ ತೆರೆದರು. ನಾನು ಮೊಬೈಲ್ ನೋಡುತ್ತ ಕೂತಿದ್ದೆ.

ಇಂಗ್ಲೆಂಡಿನಿಂದ ಬಂದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ಸಂಜೆ ಹೊತ್ತು ಮನೆ ಮನೆಗೆ ಹೋಗಿ ಕೇಳುತ್ತಿದ್ದೇನೆ. ಆ ರೈಲಿನಲ್ಲಿ ಎಲ್ಲಿಗೆ ಹೋಗುತ್ತಿದ್ದಿರಿ, ವಾರಕ್ಕೆ ಎಷ್ಟು ಸಲ, ಟಿಕೆಟ್ ಎಲ್ಲಿ ತೆಗೆಯುತ್ತಿದ್ದಿರಿ, ಈಗ ಹೇಗೆ ಹೋಗುತ್ತೀರಿ, ಆಟೋಗೆ ಎಷ್ಟು ಕೊಡುತ್ತೀರಿ. ಇಲ್ಲಿವರೆಗೆ ನಲವತ್ತೊಂದು ಮನೆ ಆಗಿದೆ. ಪಕ್ಕದ ಬೀದಿಯ ಒಬ್ಬ ಅಜ್ಜಿ ಮಾತ್ರ ನನ್ನ ಯಾವ ಪ್ರಶ್ನೆಗೂ ಉತ್ತರ ಕೊಡದೆ, "ನಿಮ್ಮಜ್ಜನ ಮದುವೆ ದಿಬ್ಬಣ ಅದೇ ರೈಲಲ್ಲಿ ಬಂದಿದ್ದು ಕಣೋ, ಅದನ್ನ ಬರ್ಕೊ ಮೊದ್ಲು" ಎಂದರು. ಅದನ್ನೂ ಬರೆದುಕೊಂಡೆ, ಬೇರೆ ಪುಟದಲ್ಲಿ.

ರೈಲು ಮತ್ತೆ ನಿಲ್ಲುತ್ತದೋ ಇಲ್ಲವೋ ಹೇಳಲಾರೆ. ಮುಂದಿನ ತಿಂಗಳು ಮತ್ತೆ ಅರ್ಜಿ ಕೊಡಲು ಹೋಗುವಾಗ ಈ ನೋಟ್‌ಬುಕ್ಕಿನ ಜೆರಾಕ್ಸ್ ಜೊತೆಗಿರುತ್ತದೆ.

ನಿಮ್ಮೂರ ಪಕ್ಕದಲ್ಲೂ ಇಂಥದ್ದೊಂದು ಹಾಲ್ಟ್ ಇದ್ದರೆ, ರೈಲು ಇನ್ನೂ ನಿಲ್ಲುತ್ತಿದ್ದರೆ, ನಾಳೆ ಬೆಳಿಗ್ಗೆ ಹತ್ತುವವರನ್ನು ಒಮ್ಮೆ ಎಣಿಸಿ ಬರೆದಿಡಿ. ಯಾರೂ ಹತ್ತದಿದ್ದರೆ ಅದನ್ನೂ ತಾರೀಖು ಹಾಕಿ ಬರೆಯಿರಿ. ಆ ಹೊತ್ತಿಗೆ ಯಾವ ಹಕ್ಕಿ ಕೂಗಿತು ಎಂದು ಪಕ್ಕದಲ್ಲಿ ಗುರುತು ಹಾಕಿದರೆ ನಷ್ಟವೇನಿಲ್ಲ.